ಕಪಾಟಿನಲ್ಲಿಲ್ಲದ ಪುಸ್ತಕ

ಮಾರ್ಚ್ 4

ನನ್ನ ಪಿಟೀಲೇ,

ನಿನ್ನ ಕಾಗದ ಬಂತು. ಓದಿ ಹೇಳುತ್ತೇನೆ ಕೊಡು ಎಂದು ನಿಮ್ಮತ್ತೆ ಕೈ ಚಾಚಿದಳು. ನಿನ್ನ ಕೆಲಸ ನೋಡಿಕೋ ಹೋಗು ಎಂದು ನಾನೇ ಓದಿಕೊಂಡೆ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿದವಳು ನಾನು. ಅಕ್ಷರ ನಿಧಾನ, ಬಾಯಿ ಜೋರು, ಅಷ್ಟೇ.

ನೀನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ಹಾಳೆಯ ಒಂದೇ ಮಗ್ಗುಲಿಗೆ, ಕೆಳಗೆ ನಿಮ್ಮತ್ತೆಯ ಲಾಂಡ್ರಿಯಲ್ಲಿ ಬಟ್ಟೆಗೆ ಗುರುತು ಹಾಕುವ ಕರಿ ಪೆನ್ನಿನಲ್ಲಿ, ದಪ್ಪಕ್ಕೆ. ಆ ಔಷಧಿ ಹಾಕುವಾಗ ಮೈಗೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲವಂತೆ. ಹೊರಗಿನ ಧೂಳು, ಹೊರಗಿನ ಉಸಿರು, ಯಾವುದೂ ಆಸ್ಪತ್ರೆಯ ನಿನ್ನ ಕೋಣೆಗೆ ಬರಬಾರದಂತೆ. ಹಾಗಾಗಿ ನನ್ನ ಕಾಗದವೂ ಗಾಜಿನ ಆಚೆಗೇ ನಿಲ್ಲಬೇಕು. ನರ್ಸಮ್ಮ ಒಂದೊಂದೇ ಹಾಳೆಯನ್ನು ಗಾಜಿಗೆ ಒತ್ತಿ ಹಿಡಿಯುತ್ತಾರೆ, ನೀನು ಮಲಗಿದಲ್ಲಿಂದ ಓದುತ್ತೀಯ. ಸರಿ. ನರ್ಸಮ್ಮಾ, ಹೇಗಿದ್ದರೂ ನೀವೂ ಓದುತ್ತೀರಿ. ಓದಿ, ಬೇಡ ಅನ್ನುವುದಿಲ್ಲ. ಕೈ ಮಾತ್ರ ಅಲ್ಲಾಡಿಸಬೇಡಿ.

ಅಪ್ಪ ಅಮ್ಮನಿಗಾದರೆ ದಿನಕ್ಕೆ ಹತ್ತು ನಿಮಿಷ ಒಳಗಿನ ಫೋನಿನಲ್ಲಿ ಮಾತಾಡಲು ಬಿಡುತ್ತಾರೆ. ನನ್ನ ಕಿವಿಗೆ ಫೋನು ಹತ್ತುವುದಿಲ್ಲ. ನೀನು ‘ಊಟ ಆಯ್ತು’ ಅಂದರೆ ನಾನು ಇನ್ನೇನೋ ಕೇಳಿಸಿಕೊಂಡು ಬೈಯುತ್ತೇನೆ. ಕಾಗದವೇ ವಾಸಿ.

ಪುಸ್ತಕ ಒಳಗೆ ಬಿಡುವುದಿಲ್ಲ, ನನ್ನ ಕಪಾಟಿನದು ನೀನು ಓದು, ಕಥೆ ಹೇಳಬೇಡ, ಕಥೆ ನನಗೆ ಬಾಯಿಪಾಠ, ನಿನಗೇನನ್ನಿಸಿತು ಬರೆ ಎಂದಿದ್ದೀಯ. ಹೋಗಿ ಕಪಾಟು ತೆಗೆದೆ. ನಲವತ್ತಮೂರು ಪುಸ್ತಕ. ಒಂದೊಂದಕ್ಕೂ ಲಾಂಡ್ರಿ ಚೀಟಿ ಪಿನ್ನು ಮಾಡಿ ನಂಬರು ಹಾಕಿದ್ದೀಯ, ಇಸ್ತ್ರಿಗೆ ಬಂದ ಅಂಗಿಗಳ ಹಾಗೆ. ಅರ್ಧ ದೆವ್ವದ್ದು, ಅರ್ಧ ಆಕಾಶದ್ದು. ಮನುಷ್ಯರದ್ದು ಅಂತ ಒಂದೂ ಇಲ್ಲವಲ್ಲೇ.

ಏಳನೇ ನಂಬರಿನದು ಓದಿದೆ. ಲಾಂಡ್ರಿಯ ಅಂಗಿಗಳಿಗೆ ಗುಂಡಿ ಹೊಲಿಯುವ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ನಾಲ್ಕು ಅಂಗಿಗೊಂದು ಪುಟದ ಲೆಕ್ಕದಲ್ಲಿ. ಹೆದರಿಕೆಯೇ ಆಗಲಿಲ್ಲ, ಸಿಟ್ಟು ಬಂತು. ಬಾಗಿಲು ಕಿರ್ರ್ ಅನ್ನುತ್ತದೆ ಎಂದು ಹದಿನಾಲ್ಕು ಪುಟ. ಎರಡು ತೊಟ್ಟು ಎಣ್ಣೆ ಬಿಟ್ಟಿದ್ದರೆ ಅರ್ಧ ಪುಸ್ತಕ ಅಲ್ಲೇ ಮುಗಿಯುತ್ತಿತ್ತು. ಗೋಡೆ ಒದ್ದೆಯಾಗಿದೆ, ಆತ್ಮ ಅಳುತ್ತಿದೆ ಅನ್ನುತ್ತಾಳೆ ಆ ಹೆಂಗಸು. ತಾಯೀ, ನಮ್ಮ ಬಚ್ಚಲ ಗೋಡೆ ಇಪ್ಪತ್ತು ವರ್ಷದಿಂದ ಅಳುತ್ತಿದೆ, ಮೇಲಿನ ಮನೆಯವರ ಪೈಪು. ಇನ್ನು ಆ ದೆವ್ವ. ಸತ್ತ ಮೇಲೂ ಮಾಡಲು ಕೆಲಸವಿಲ್ಲ ಅದಕ್ಕೆ, ಮೆಟ್ಟಿಲು ಹತ್ತುವುದು, ಇಳಿಯುವುದು. ನಾನು ಬದುಕಿದ್ದೇ ಅದನ್ನು ದಿನಕ್ಕೆ ಆರು ಸಲ ಮಾಡುತ್ತೇನೆ. ನನ್ನ ಮೇಲೆ ಯಾರೂ ಪುಸ್ತಕ ಬರೆಯಲಿಲ್ಲ.

ಊಟ ಬಿಡಬೇಡ. ಬಿಟ್ಟರೆ ನನಗೆ ಇಲ್ಲಿಗೇ ಗೊತ್ತಾಗುತ್ತದೆ.

ಬೈಯಲು ಕಾದಿರುವ
ನಿನ್ನ ಅಜ್ಜಿ


ಮಾರ್ಚ್ 17

ಅಜ್ಜೀ,

ನಿನ್ನ ಕಾಗದ ಹಿಡಿದುಕೊಂಡು ನರ್ಸಮ್ಮ ಎಷ್ಟು ನಕ್ಕರು ಅಂದ್ರೆ ಹಾಳೆ ಗಡಗಡ ಅಂತು, ಪೈಪಿನ ವಿಷಯ ನನಗೆ ಓದೋಕೇ ಆಗಲಿಲ್ಲ. ಎರಡನೇ ಸಲ ಹಿಡಿಸಿಕೊಂಡು ಓದಿದೆ. ಆಮೇಲೆ ಇನ್ನೊಂದು ಶಿಫ್ಟಿನ ನರ್ಸು ಬಂದು, ನನಗೂ ಕೊಡಿ ಅಂದರಂತೆ. ನೀನು ಈಗ ಇಡೀ ವಾರ್ಡಿಗೆ ಲೇಖಕಿ.

ನನಗೆ ತಲೆಗೂದಲು ಪೂರ್ತಿ ಹೋಯ್ತು. ಇಪ್ಪತ್ತೊಂದನೇ ನಂಬರಿನ ಪುಸ್ತಕದ ರಟ್ಟು ನೋಡು, ಹಸಿರು ಮನುಷ್ಯ ಇದ್ದಾನಲ್ಲ, ಬಣ್ಣ ಒಂದು ಬಿಟ್ಟರೆ ನಾನೇ. ಬಾಯೆಲ್ಲ ಹುಣ್ಣು. ಊಟ ಬಿಟ್ಟಿದ್ದು ನಿಜ, ಎರಡು ದಿನ, ಹೇಗೆ ಗೊತ್ತಾಯ್ತು?

ನೀನು ಹೆದರಿಕೊಳ್ಳೋದಿಲ್ಲ ಅನ್ನೋದು ಒಂದು ಜಂಬ ಅಷ್ಟೇ. ದೆವ್ವದ ಪುಸ್ತಕ ಯಾಕೆ ಚೆನ್ನಾಗಿರುತ್ತೆ ಹೇಳಲಾ? ಎಷ್ಟು ಹೆದರಿಕೆ ಆದರೂ ಪುಸ್ತಕ ಮುಚ್ಚಿಟ್ಟು ಎದ್ದು ಹೋಗಬಹುದು. ಇಲ್ಲಿ ಬಂದ ಮೇಲೆ ನನಗೆ ಇದು ಗೊತ್ತಾಗಿದ್ದು.

ಇನ್ನು ಎರಡು ಸುತ್ತು ಔಷಧಿ ಇದೆ. ಅಷ್ಟರಲ್ಲಿ ಮೊಣಕಾಲಿನ ಗಡ್ಡೆ ಕರಗಿಬಿಡುತ್ತೆ, ಮನೆಗೆ ಹೋಗೋದೇ ಅಂತ ಅಪ್ಪ ಹೇಳಿದ್ದಾರೆ. ಹತ್ತನೇ ಕ್ಲಾಸಿನ ಪಾಠ ತಪ್ಪಿಹೋಗುತ್ತೆ ಅನ್ನೋದೊಂದೇ ಅಮ್ಮನಿಗೆ ಚಿಂತೆ. ನೀನು ಹನ್ನೆರಡನೇ ನಂಬರು ಓದು, ಅದರಲ್ಲಿ ದೆವ್ವ ಇಲ್ಲ, ಆಕಾಶ ಇದೆ. ಅದನ್ನೂ ಬೈದರೆ ನಿನ್ನ ಜೊತೆ ಮಾತಿಲ್ಲ.

ಬೋಳುತಲೆಯ
ಪಿಟೀಲು


ಏಪ್ರಿಲ್ 2

ನನ್ನ ಬೋಳುತಲೆ ಪಿಟೀಲೇ,

ಬೈಯುತ್ತೇನೆ. ಮಾತು ಬಿಡುವುದಾದರೆ ಬಿಡು.

ಹನ್ನೆರಡನೇ ನಂಬರಿನಲ್ಲಿ ಇನ್ನೂರು ಜನ ಒಂದು ಕಬ್ಬಿಣದ ಹಡಗಿನಲ್ಲಿ ಕೂತು ನೂರು ವರ್ಷ ಆಕಾಶದಲ್ಲಿ ಹೋಗುತ್ತಾರೆ. ಹೋಗಲಿ, ಬೇಡ ಅಂದವರು ಯಾರು? ಆದರೆ ಆ ಇನ್ನೂರು ಜನರ ಬಟ್ಟೆ ಒಗೆಯುವವರು ಯಾರು ಎಂದು ಮುನ್ನೂರು ಪುಟದಲ್ಲಿ ಒಂದು ಸಾಲಿಲ್ಲ. ನಿಮ್ಮತ್ತೆಗೆ ಓದಿ ಹೇಳಿದೆ. ಕೆಳಗೆ ಲಾಂಡ್ರಿಯಲ್ಲಿ ಹಬೆ ಪ್ರೆಸ್ಸಿನ ಮುಂದೆ ಬೆಳಗಿನಿಂದ ನಿಂತು ಬಂದಿದ್ದಳು, ಕಾಲು ಊದಿತ್ತು. ‘ಅಮ್ಮಾ, ಅಲ್ಲಿ ಬೆವರೋದಿಲ್ಲ ಅನ್ಸುತ್ತೆ’ ಅಂದಳು. ‘ಬೆವರದ ಜನ ಇದ್ದಾರಾ ಎಲ್ಲಾದರೂ?’ ಅಂದೆ. ‘ನಮ್ಮ ಮಾಲೀಕರು’ ಅಂದಳು. ಅವಳಿಗೂ ಬಾಯಿ ಬರುತ್ತಿದೆ, ನನ್ನ ಮಗಳಲ್ಲವೇ.

ಮತ್ತೆ ಆ ಯಂತ್ರದ ಮನುಷ್ಯ. ಅವನಿಗೆ ಮನಸ್ಸಿಲ್ಲ, ಮನಸ್ಸಿಲ್ಲ ಎಂದು ಮಾತೆತ್ತಿದರೆ ಹೇಳಿ, ಕೊನೆಗೆ ಅವನ ಕಣ್ಣಲ್ಲಿ ಒಂದು ಹನಿ ಬರಿಸುತ್ತಾರೆ. ಅದನ್ನು ಓದಿ ನೀನು ಅತ್ತಿರಬೇಕು, ಪುಟ ಉಬ್ಬಿದೆ. ನನಗೆ ಅಳು ಬರಲಿಲ್ಲ. ಕೊನೇ ಪುಟದಲ್ಲಿ ಅಳುವುದು ಯಾರಿಗೂ ಬರುತ್ತದೆ. ಮಧ್ಯದಲ್ಲಿ, ಇನ್ನೂ ನೂರೈವತ್ತು ಪುಟದ ಕೆಲಸ ಬಾಕಿ ಇರುವಾಗ ಅತ್ತು, ಮುಖ ತೊಳೆದು, ಮತ್ತೆ ಕೆಲಸಕ್ಕೆ ನಿಲ್ಲಲಿ, ಆಗ ಮನಸ್ಸಿದೆ ಅನ್ನುತ್ತೇನೆ.

ಒಂದು ಕಡೆ ಮಾತ್ರ ಸುಮ್ಮನಾದೆ. ಹಡಗಿನ ಕಿಟಕಿಯಿಂದ ಆ ಮುದುಕಿ ಹಿಂದೆ ಉಳಿದ ಭೂಮಿಯನ್ನು ನೋಡುತ್ತಾಳಲ್ಲ, ಮೊದಲು ತಟ್ಟೆಯಷ್ಟು, ಆಮೇಲೆ ಗುಂಡಿಯಷ್ಟು, ಆಮೇಲೆ ಸೂಜಿಮೊನೆಯಷ್ಟು. ಆಗ ಅಂಗಿ ಕೆಳಗಿಟ್ಟೆ. ಅದಕ್ಕಾಗಿ ಬರೆದವನನ್ನು ಹೊಗಳುತ್ತೇನೆ ಅಂದುಕೊಳ್ಳಬೇಡ. ಕುರುಡು ಕೋಳಿಗೂ ಒಂದು ಕಾಳು ಸಿಗುತ್ತದೆ.

ನಿಮ್ಮಪ್ಪ ಈ ತಿಂಗಳ ಕೊನೆಗೆ ಎರಡು ದಿನ ಮನೆಗೆ ಬಂದು ಹೋಗುತ್ತೇನೆ ಎಂದಿದ್ದಾನೆ. ಅವನ ಕೈಯಲ್ಲಿ ಏನು ಕಳಿಸಿದರೂ ಒಳಗೆ ಬಿಡುವುದಿಲ್ಲ ಅಂತೀಯ. ಬರಿಗೈಯಲ್ಲಿ ಕಳಿಸುವುದು ಈ ಜನ್ಮದಲ್ಲಿ ಮೊದಲ ಸಲ.

ಬಾಯಿ ಹುಣ್ಣು ಮಾಗಿತೇ ಬರೆ.

ನಿನ್ನ ಅಜ್ಜಿ


ಏಪ್ರಿಲ್ 29

ಮಗನೇ,

ಈ ಕಾಗದ ನಿನ್ನ ಹೆಸರಿಗೆ, ನೀವು ಹಿಡಿದಿರುವ ಬಾಡಿಗೆ ಕೋಣೆಗೆ ಹಾಕುತ್ತಿದ್ದೇನೆ. ಆಸ್ಪತ್ರೆಗೆ ತೆಗೆದುಕೊಂಡು ಹೋಗಬೇಡ. ಅವಳ ಕಣ್ಣು ಹದ್ದಿನ ಕಣ್ಣು.

ನೀನು ಅಡುಗೆಮನೆಯ ನಲ್ಲಿ ಬಿಚ್ಚಿಕೊಂಡು ಕೂತು ಹೇಳಿದೆ. ನನ್ನ ಮುಖ ನೋಡಬಾರದು ಅಂತಲೇ ಬಿಚ್ಚಿದೆ. ಆ ನಲ್ಲಿ ಸೋರುತ್ತಿರಲಿಲ್ಲ. ಈಗ ಸೋರುತ್ತಿದೆ. ಇಷ್ಟು ವರ್ಷ ಜನರ ಲಿಫ್ಟು ರಿಪೇರಿ ಮಾಡಿದ ಕೈ ಒಂದು ವಾಷರು ಸರಿಯಾಗಿ ಕೂರಿಸಲಿಲ್ಲ.

ಗಡ್ಡೆ ಕರಗಲಿಲ್ಲ, ಎಡಗಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆಯಬೇಕು, ಜೂನ್‌ನಲ್ಲಿ. ಹೇಳಿ ನೀನು ಪಾನಾ ಕೆಳಗಿಟ್ಟೆ. ಅವಳಿಗೆ ಎರಡು ದಿನ ಮುಂಚೆ ಹೇಳುತ್ತೇವೆ, ಈಗಲೇ ಹೇಳಿದರೆ ಊಟ ಔಷಧಿ ಎಲ್ಲಾ ಬಿಡುತ್ತಾಳೆ, ಮೈ ತಡೆಯುವುದಿಲ್ಲ, ಅಮ್ಮಾ ನೀನೂ ಬರೆಯಬೇಡ ಅಂದೆ. ನನ್ನಿಂದ ಮಾತು ತೆಗೆದುಕೊಂಡೆ. ಕೊಟ್ಟೆ. ಕೊಡದಿದ್ದರೆ ನೀನು ಆ ನಲ್ಲಿಯ ಕೆಳಗಿನಿಂದ ಏಳುತ್ತಿರಲಿಲ್ಲ.

ಆದರೆ ಕೇಳು. ಅವಳ ದೆವ್ವದ ಪುಸ್ತಕಗಳಲ್ಲಿ ಒಂದು ಮನೆ ಇದ್ದೇ ಇರುತ್ತದೆ. ಆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಒಬ್ಬಳಿಗೆ ಮಾತ್ರ ಗೊತ್ತಿಲ್ಲ. ಎಲ್ಲರೂ ಅವಳನ್ನು ನೋಡಿ ನಗುತ್ತಾರೆ, ಉಪಚಾರ ಮಾಡುತ್ತಾರೆ. ಓದುವಾಗ ನನಗೆ ಆ ಜನರ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತಿತ್ತು. ಈಗ ನಾವೇ ಆ ಮನೆಯವರು.

ಹೇಳಿಬಿಡು. ಅವಳು ಗಟ್ಟಿ. ನಿನಗಿಂತ ಗಟ್ಟಿ. ಸೊಸೆಗೂ ಹೇಳು, ನಾನು ಹೇಳಿದೆ ಅಂತ.

ಕೊಟ್ಟ ಮಾತು ಉಳಿಸುತ್ತೇನೆ. ಎಷ್ಟು ದಿನ ಎಂದು ಕೇಳಬೇಡ.

ಅಮ್ಮ


ಮೇ 14

ನನ್ನ ಪಿಟೀಲೇ,

ಬರೆಯುವುದು ತಡವಾಯಿತು. ಕಣ್ಣು ಉರಿ, ಮತ್ತೇನಿಲ್ಲ. ಲಾಂಡ್ರಿಗೆ ಯಾವುದೋ ಶಾಲೆಯವರು ಇನ್ನೂರು ಕೋಟು ಕಳಿಸಿದ್ದರು, ಒಂದೊಂದಕ್ಕೆ ಐದು ಗುಂಡಿ.

ಈ ಸಲ ಓದಿದ ಪುಸ್ತಕಕ್ಕೆ ನಂಬರಿಲ್ಲ. ಚೀಟಿ ಬಿದ್ದುಹೋಗಿರಬೇಕು. ಕಪಾಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ರಟ್ಟೂ ಹರಿದಿದೆ, ಹೆಸರು ತಿಳಿಯಲಿಲ್ಲ. ನೀನು ಓದಿ ಮರೆತಿರಬಹುದು. ಹಾಗಾಗಿ ಕಥೆಯನ್ನೂ ಸ್ವಲ್ಪ ಹೇಳುತ್ತೇನೆ, ಬೈಯಬೇಡ.

ಒಂದು ಆಕಾಶದ ಹಡಗು. ಅದಕ್ಕೆ ಒಬ್ಬಳೇ ಕಪ್ತಾನಿ, ಚಿಕ್ಕ ಹುಡುಗಿ. ಹಡಗಿಗೆ ಎರಡು ಇಂಜಿನು. ಎಡಗಡೆಯ ಇಂಜಿನಿಗೆ ಒಂದು ಬಗೆಯ ತುಕ್ಕು ಹಿಡಿಯುತ್ತದೆ. ಸಾಮಾನ್ಯ ತುಕ್ಕಲ್ಲ, ಹರಡುವ ತುಕ್ಕು. ಉಜ್ಜುತ್ತಾರೆ, ಮದ್ದು ಹಾಕುತ್ತಾರೆ, ಹೋಗುವುದಿಲ್ಲ. ಬಿಟ್ಟರೆ ಇಡೀ ಹಡಗಿಗೆ ಹತ್ತುತ್ತದೆ. ಆಗ ಕಪ್ತಾನಿ ಯೋಚನೆ ಮಾಡುತ್ತಾಳೆ. ತುಂಬಾ ಅಳುತ್ತಾಳೆ, ಅದನ್ನು ಚೆನ್ನಾಗಿ ಬರೆದಿದ್ದಾರೆ. ಆಮೇಲೆ ಆ ಇಂಜಿನನ್ನು ಬಿಚ್ಚಿ ಆಕಾಶದಲ್ಲಿ ಬಿಟ್ಟುಬಿಡುತ್ತಾಳೆ. ತೆರೆದ ಜಾಗವನ್ನು ಎರಡೆಳೆ ದಾರದಲ್ಲಿ ಗಟ್ಟಿಯಾಗಿ ಹೊಲಿದು ಮುಚ್ಚುತ್ತಾರೆ. ಹಡಗು ಮೊದಮೊದಲು ಓಲಾಡುತ್ತದೆ. ಆಮೇಲೆ ಅಭ್ಯಾಸವಾಗುತ್ತದೆ. ಒಂದೇ ಇಂಜಿನಿನಲ್ಲಿ ಮನೆಗೆ ಬಂದು ಸೇರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಪುಸ್ತಕ ಬಹಳ ಚೆನ್ನಾಗಿದೆ. ಬರೆದವರು ತಿಳಿದವರು. ಎರಡು ಇಂಜಿನು ಇದ್ದರೇನೇ ಹಡಗು ಎಂದು ಯಾರು ಹೇಳಿದರು? ಕಪ್ತಾನಿ ಇದ್ದರೆ ಹಡಗು. ಅದನ್ನೇ ಹೇಳಿದ್ದಾರೆ. ಬಹಳ ಚೆನ್ನಾಗಿ ಹೇಳಿದ್ದಾರೆ.

ನೀನು ಓದಿದ್ದು ನೆನಪಾಗದಿದ್ದರೂ ಪರವಾಗಿಲ್ಲ.

ನಿನ್ನ ಅಜ್ಜಿ


ಮೇ 23

ಅಜ್ಜಿ,

ಕಪಾಟಿಗೂ ಗೋಡೆಗೂ ನಡುವೆ ಸಂದಿ ಇಲ್ಲ. ಅಪ್ಪ ಅದನ್ನು ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ್ದಾರೆ. ನನ್ನ ಹತ್ತಿರ ಇರೋದು ನಲವತ್ತಮೂರೇ ಪುಸ್ತಕ. ಆಕಾಶದ ಹಡಗಿಗೆ ಯಾರೂ ಎರಡೆಳೆ ದಾರದಲ್ಲಿ ಹೊಲಿಗೆ ಹಾಕೋದಿಲ್ಲ. ಮತ್ತೆ ನೀನು ಇವತ್ತಿನವರೆಗೂ ಒಬ್ಬ ಲೇಖಕನನ್ನೂ ಹೊಗಳಿಲ್ಲ.

ನಾನು ಮೊದಲ ಹಾಳೆ ಓದಿ ನಗ್ತಾ ಇದ್ದೆ. ಅಜ್ಜಿ ಕಥೆ ಕಟ್ಟೋಕೆ ಶುರು ಮಾಡಿದ್ದಾಳೆ ಅಂತ. ಎರಡನೇ ಹಾಳೆ ಹಿಡಿದಾಗ ನರ್ಸಮ್ಮನ ಮುಖ ಹಾಳೆಯ ಹಿಂದೆ ಹೋಗಿಬಿಟ್ಟಿತು. ಯಾವಾಗಲೂ ಪಕ್ಕದಲ್ಲಿ ಇಣುಕಿ ನಾನು ಎಲ್ಲಿ ನಗ್ತೀನಿ ನೋಡ್ತಾರೆ. ಈ ಸಲ ಇಣುಕಲಿಲ್ಲ. ಆಗ ಮತ್ತೆ ಮೊದಲಿಂದ ಓದಿದೆ.

ಪೂರ್ತಿ ಕಾಲಾ ಅಜ್ಜಿ? ಮೊಣಕಾಲಿನ ಮೇಲಾ, ಕೆಳಗಾ?

ಅಪ್ಪನನ್ನು ಫೋನಲ್ಲಿ ಕೇಳಿದೆ. ಅಪ್ಪ ಫೋನನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ ಅದನ್ನು ಹಿಡಿದುಕೊಂಡೇ ಇದ್ದರು, ಹತ್ತು ನಿಮಿಷ ಮುಗೀತು.

ನೀನು ಬಾ. ನೀನು ಬಂದು ಬೇಡ ಅನ್ನು. ಅತ್ತೆಯನ್ನು ಕೆಲಸದಿಂದ ತೆಗೀತೀನಿ ಅಂತ ಲಾಂಡ್ರಿ ಮಾಲೀಕ ಹೊರಟಾಗ ನೀನು ಹೋಗಿ ಅವನ ಕುರ್ಚಿಯಲ್ಲೇ ಕೂತೆ. ಸಂಜೆವರೆಗೂ ಏಳಲಿಲ್ಲ. ಕೊನೆಗೆ ಅವನೇ ಕೈ ಮುಗಿದ. ಹಾಗೇ ಡಾಕ್ಟರ ಕುರ್ಚಿಯಲ್ಲಿ ಕೂತ್ಕೋ. ನಿನ್ನ ಮಾತಿಗೆ ಎದುರು ಹೇಳಿದವರನ್ನು ನಾನು ನೋಡಿಲ್ಲ. ನೀನು ಹೇಳಿದರೆ ಬಿಡ್ತಾರೆ.

ಬೇಗ ಬಾ ಅಜ್ಜಿ. ಪುಸ್ತಕ ಏನೂ ಬೇಡ.

ಪಿಟೀಲು


ಜೂನ್ 9

ಮಗೂ,

ನಾನು ಬಂದಿದ್ದೆ. ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಹೇಳಬೇಡಿ ಎಂದು ನಾನೇ ಹೇಳಿ ಬಂದೆ. ಈಗ ನಾನೇ ಹೇಳುತ್ತಿದ್ದೇನೆ.

ಮೊನ್ನೆ ಗುರುವಾರ ನಿಮ್ಮತ್ತೆಯನ್ನು ಕರೆದುಕೊಂಡು ರೈಲು ಹತ್ತಿದೆ. ಆರು ಗಂಟೆ ದಾರಿ. ದಾರಿಯುದ್ದಕ್ಕೂ ಡಾಕ್ಟರಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಇಸ್ತ್ರಿ ಮಾಡಿ ಮಡಿಸಿಟ್ಟುಕೊಂಡೆ. ಬೈಗುಳ ಕೆಳಗೆ, ಬೇಡಿಕೆ ಮೇಲೆ. ನಿಮ್ಮತ್ತೆ ನಿದ್ದೆ ಮಾಡಿದಳು, ನಾನು ಮಾಡಲಿಲ್ಲ.

ನಿನ್ನ ಡಾಕ್ಟರು ಹೆಂಗಸು, ನನ್ನ ಮಗಳ ವಯಸ್ಸು. ನನಗೆ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು, ಇನ್ನೊಂದು ಕುರ್ಚಿ ಮುರಿದಿತ್ತು. ಹಾಗೆ ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತು ಹಟ ಹಿಡಿಯುವುದು ಹೇಗೆ ಎಂದು ತಿಳಿಯಲಿಲ್ಲ.

‘ಔಷಧಿ ಇನ್ನೂ ಜೋರಾಗಿ ಹಾಕಿ’ ಅಂದೆ.

‘ಹಾಕಿದೀವಿ ಅಜ್ಜಿ. ಅವಳ ಮೈ ತಡೆಯೋ ಅಷ್ಟೂ ಹಾಕಿದೀವಿ.’

‘ಬೇರೆ ಕಡೆ ಕರ್ಕೊಂಡು ಹೋಗ್ತೀವಿ.’

‘ಹೋಗಿ. ಅಲ್ಲೂ ಇದೇ ಹೇಳ್ತಾರೆ. ಆದ್ರೆ ಹೋಗಿ ಬರೋ ದಿನಗಳು ಅವಳ ಹತ್ರ ಇಲ್ಲ.’

‘ನನ್ನ ಮೂಳೆ ತಗೊಳ್ಳಿ.’

ಅವಳು ನಗಲಿಲ್ಲ. ‘ಆಗೋದಿಲ್ಲ ಅಜ್ಜಿ’ ಅಂದಳು. ನಿನ್ನ ಕಾಲಿನ ಚಿತ್ರವನ್ನು ದೀಪದ ಹಲಗೆಗೆ ಹಾಕಿದಳು. ಮೂಳೆಯ ಮೇಲೆ ಬಿಳಿ ಬೂಷ್ಟು ಹಿಡಿದ ಹಾಗಿತ್ತು. ಪುಸ್ತಕದಲ್ಲಿ ಓದಿದ್ದರೆ ಇದೇನು ಕಟ್ಟುಕಥೆ ಅನ್ನುತ್ತಿದ್ದೆ. ‘ಕಾಲು ಉಳಿಸಿದ್ರೆ ಮಗು ಉಳಿಯಲ್ಲ’ ಅಂದಳು. ಕಡ್ಡಿ ಮುರಿದ ಹಾಗೆ ಅಂದಳು, ಆದರೆ ಮೆತ್ತಗೆ.

ಮಡಿಸಿಟ್ಟುಕೊಂಡು ಹೋದದ್ದರಲ್ಲಿ ಒಂದನ್ನೂ ಬಿಚ್ಚಲಾಗಲಿಲ್ಲ. ‘ನೋವಾಗುತ್ತಾ?’ ಎಂದು ಕೇಳಿದೆ. ‘ಆಗುತ್ತೆ’ ಅಂದಳು. ಅಷ್ಟೇ ನಾನು ಮಾಡಿದ ಜಗಳ. ಜೂನ್ 14ಕ್ಕೆ. ಮೊಣಕಾಲಿನ ಮೇಲೆ. ನೀನು ಕೇಳಿದ್ದಕ್ಕೆ ಇದು ಉತ್ತರ. ಹೇಳಬೇಕಾದವರು ಹೇಳಲಿಲ್ಲ, ಹೇಳಬಾರದು ಎಂದು ಮಾತು ಕೊಟ್ಟವಳು ಹೇಳುತ್ತಿದ್ದೇನೆ. ನಿಮ್ಮಪ್ಪನ ಮೇಲೆ ಸಿಟ್ಟಾಗಬೇಡ, ಅವನಿಗೆ ಈಗ ಬೈದರೆ ಮುರಿದುಬೀಳುತ್ತಾನೆ.

ಆಮೇಲೆ ವಾರ್ಡಿನ ಓಣಿಯ ತುದಿಯಲ್ಲಿ ನಿನ್ನ ಗಾಜು ಕಂಡಿತು. ನೀನು ಆ ಕಡೆ ತಿರುಗಿ ಮಲಗಿದ್ದೆ. ನೀಲಿ ಟೋಪಿ ಮಾತ್ರ ಕಾಣುತ್ತಿತ್ತು. ‘ನಡಿಯಮ್ಮಾ’ ಅಂದಳು ನಿಮ್ಮತ್ತೆ. ನಡೆಯಲಿಲ್ಲ. ಗಾಜಿನ ಮುಂದೆ ಬಂದು ನಿಂತರೆ ನೀನು ಕೇಳುವುದು ಒಂದೇ ಮಾತು, ಬೇಡ ಅಂದೆಯಾ ಎಂದು. ಅಲ್ಲಿಂದಲೇ ತಿರುಗಿ ಬಂದೆ.

ನನ್ನ ಮಾತಿಗೆ ಎದುರು ಹೇಳಿದವರಿಲ್ಲ ಎಂದು ಬರೆದಿದ್ದೀಯ. ಇದ್ದಾರೆ.

ಅಜ್ಜಿ


ಜೂನ್ 16

ಮಗೂ,

ನಿಮ್ಮಪ್ಪ ಲಾಂಡ್ರಿಗೆ ಫೋನು ಮಾಡಿದ್ದ. ‘ಆಯ್ತು, ಎಚ್ಚರ ಆಗಿದೆ’ ಎಂದನಂತೆ. ನಿಮ್ಮತ್ತೆ ಮೆಟ್ಟಿಲ ಕೆಳಗಿನಿಂದಲೇ ಕೂಗಿ ಹೇಳಿದಳು. ಮೇಲೆ ಬರುವವರೆಗೂ ಅವಳಿಗೆ ತಡೆಯಲಾಗಲಿಲ್ಲ.

ನಾನು ಯಾವ ಪುಸ್ತಕವನ್ನೂ ಓದಿಲ್ಲ. ಗುಂಡಿ ಹೊಲಿದೆ. ಎಲ್ಲಾ ಗುಂಡಿಯನ್ನೂ ತಪ್ಪು ಕಡೆ ಹೊಲಿದೆ.

ಅಜ್ಜಿ


ಜುಲೈ 3

ಮಗೂ,

ನಿನ್ನಿಂದ ಕಾಗದವಿಲ್ಲ. ಬರೆಯಬೇಕು ಅಂತ ಏನೂ ಇಲ್ಲ. ನಾನು ಬರೆಯುತ್ತೇನೆ.

ಹದಿನೈದನೇ ನಂಬರಿನದು ಓದಿದೆ. ಹಿಂದಿನ ಕಾಲಕ್ಕೆ ಹೋಗುವ ಯಂತ್ರ. ಅದರಲ್ಲಿ ಕೂತವನು ರಾಜರನ್ನು ನೋಡುತ್ತಾನೆ, ಯುದ್ಧ ನೋಡುತ್ತಾನೆ, ದೊಡ್ಡ ದೊಡ್ಡ ಪ್ರಾಣಿ ನೋಡುತ್ತಾನೆ. ಮೂರ್ಖ. ಅಷ್ಟು ದೂರ ಯಾಕೆ ಹೋಗಬೇಕು? ನನ್ನನ್ನು ಕೂರಿಸಿದರೆ ಹೋದ ನವೆಂಬರಿಗೆ ಹೋಗುತ್ತಿದ್ದೆ, ನಮ್ಮ ಅಡುಗೆಮನೆಗೆ, ಅಲ್ಲಿಂದ ಆಚೆ ಒಂದು ಹೆಜ್ಜೆ ಇಡುತ್ತಿರಲಿಲ್ಲ.

ಮೊಣಕಾಲು ನೋವು ಅಂತ ನೀನು ಮೊದಲು ಹೇಳಿದ್ದು ನನಗೆ. ‘ಬೆಳೆಯೋ ಮಕ್ಕಳಿಗೆ ಕಾಲು ನೋಯುತ್ತೆ, ಇದಕ್ಕೆಲ್ಲ ಡಾಕ್ಟರು ಯಾಕೆ’ ಅಂದೆ. ನಿಮ್ಮಮ್ಮ ಕರೆದುಕೊಂಡು ಹೋಗುತ್ತೇನೆ ಎಂದು ಚೀಲ ಹಿಡಿದು ನಿಂತಳು. ನಾಲ್ಕು ಮಕ್ಕಳನ್ನು ಸಾಕಿದವಳು ನಾನು, ನನಗೆ ಹೇಳಿಕೊಡಬೇಡ ಎಂದು ಅವಳ ಬಾಯಿ ಮುಚ್ಚಿಸಿದೆ. ಸಂಜೆ ಸಂಜೆ ಬಿಸಿ ಎಣ್ಣೆ ಹಚ್ಚಿ ತಿಕ್ಕಿದೆ. ಜನವರಿ ಕೊನೆಯವರೆಗೂ ತಿಕ್ಕಿದೆ. ನೀನು ನೋವು ಅಂದರೆ ಪಿಟೀಲು ಕುಯ್ಯಬೇಡ ಅಂದೆ.

ಆ ಊತ ನನ್ನ ಕೈಗೆ ಸಿಗುತ್ತಿತ್ತು. ತಿಕ್ಕಿದರೆ ಹೋಗುವ ಗಂಟು ಅಂದುಕೊಂಡೆ.

ನಿಮ್ಮಮ್ಮ ಇದನ್ನು ಒಂದು ಸಲವೂ ಎತ್ತಿ ಆಡಿಲ್ಲ. ಎತ್ತಿ ಆಡಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ, ಅಭ್ಯಾಸ.

ಪುಸ್ತಕದ ಬಗ್ಗೆ ಇನ್ನೇನೂ ಇಲ್ಲ.

ಅಜ್ಜಿ


ಜುಲೈ 20

ಅಜ್ಜಿಯವರಿಗೆ,

ನಾನು ಗಾಜಿಗೆ ಹಾಳೆ ಹಿಡಿಯುವ ನರ್ಸು. ನೀವು ನನಗೆ ಬರೆದಿಲ್ಲ, ಆದರೂ ಬರೆಯುತ್ತಿದ್ದೇನೆ. ಗಾಯ ಮಾಗುತ್ತಿದೆ. ಜ್ವರ ಇಳಿದಿದೆ. ಮತ್ತೆ ಔಷಧಿ ಸುತ್ತು ಶುರುವಾಗಿದೆ.

ನಿಮ್ಮ ಕಾಗದ ಹಿಡಿದರೆ ಅವಳು ಮುಖ ತಿರುಗಿಸುತ್ತಾಳೆ. ನಾನು ಐದು ನಿಮಿಷ ಹಿಡಿದುಕೊಂಡೇ ನಿಂತಿರುತ್ತೇನೆ, ಆಮೇಲೆ ಮಡಿಸಿಟ್ಟು ಮರುದಿನ ಮತ್ತೆ ಹಿಡಿಯುತ್ತೇನೆ. ಜುಲೈ ಮೂರರದನ್ನು ಎಂಟು ದಿನ ಹಿಡಿದೆ. ಒಂಬತ್ತನೇ ದಿನ ಓದಿದಳು. ಸಂಜೆ ಬರೆಯಲು ಹಾಳೆ ಕೇಳಿದಳು, ಕೊಟ್ಟೆ. ಖಾಲಿ ಇಟ್ಟುಕೊಂಡಿದ್ದಾಳೆ.

ನೀವು ಬರೆಯುವುದು ನಿಲ್ಲಿಸಬೇಡಿ.

ಇಂತಿ,
ನರ್ಸು


ಆಗಸ್ಟ್ 2

ಅಜ್ಜಿ,

ನವೆಂಬರಿನ ವಿಷಯ ಡಾಕ್ಟರನ್ನು ಕೇಳಿದೆ. ಆಗಲೇ ಬಂದಿದ್ದರೆ ಕಾಲು ಉಳೀತಿತ್ತಾ ಅಂತ. ‘ಗೊತ್ತಿಲ್ಲ’ ಅಂದ್ರು. ಸುಮ್ನೆ ಸಮಾಧಾನಕ್ಕೆ ಹೇಳ್ತಿದ್ದೀರಾ ಅಂದೆ. ‘ಇಲ್ಲ, ನಿಜವಾಗ್ಲೂ ಗೊತ್ತಿಲ್ಲ’ ಅಂದ್ರು. ಹಾಗಾಗಿ ನಿನ್ನ ಮೇಲೆ ಎಷ್ಟು ಸಿಟ್ಟು ಮಾಡಬೇಕು ಅಂತ ನನಗೂ ಗೊತ್ತಾಗ್ತಿಲ್ಲ. ಒಂದೊಂದು ದಿನ ಪೂರ್ತಿ ಬರುತ್ತೆ. ಒಂದೊಂದು ದಿನ ಇರೋದೇ ಇಲ್ಲ. ಓಣಿಯ ತುದಿಯಿಂದ ತಿರುಗಿ ಹೋದೆಯಲ್ಲ, ಅದಕ್ಕೆ ಮಾತ್ರ ದಿನಾ ಬರುತ್ತೆ.

ಇನ್ನೊಂದು ವಿಷಯ ಇದೆ. ಅಪ್ಪ ಅಮ್ಮನಿಗೆ ಹೇಳಿಲ್ಲ, ಹೇಳಿದರೆ ಅಳ್ತಾರೆ.

ನನ್ನ ಎಡಗಾಲು ತುರಿಸುತ್ತೆ. ಇಲ್ಲದ ಕಾಲು. ತೊಡೆಯಲ್ಲ, ಹೊಲಿಗೆಯಲ್ಲ, ಕೆಳಗೆ ಪಾದ ಇರಬೇಕಾದ ಜಾಗದಲ್ಲಿ. ಅಲ್ಲಿ ಹಾಸಿಗೆ ಮಾತ್ರ ಇದೆ. ಕೆರೆಯೋಕೆ ಕೈ ಚಾಚ್ತೀನಿ, ಹಾಸಿಗೆ ಸಿಗುತ್ತೆ. ಹಾಸಿಗೆ ಕೆರೆದರೆ ಹೋಗಲ್ಲ. ಡಾಕ್ಟರು ಹೇಳ್ತಾರೆ, ಕಾಲು ಹೋಗಿದ್ದು ತಲೆಗೆ ಇನ್ನೂ ಗೊತ್ತಾಗಿಲ್ಲ, ಅದು ಕಾಲನ್ನು ಹುಡುಕ್ತಾ ಇರುತ್ತೆ ಅಂತ. ತುಂಬಾ ಜನಕ್ಕೆ ಆಗುತ್ತಂತೆ. ವರ್ಷಗಟ್ಟಲೆ ಇರಬಹುದಂತೆ.

ನಲವತ್ತಮೂರು ಪುಸ್ತಕದಲ್ಲಿ ಎಲ್ಲೂ ಇದಿಲ್ಲ ಅಜ್ಜಿ. ಇದನ್ನು ದೆವ್ವದ ಸಾಲಿನಲ್ಲಿ ಇಡಬೇಕೋ, ವಿಜ್ಞಾನದ ಸಾಲಿನಲ್ಲಿ ಇಡಬೇಕೋ ಅಂತಾನೂ ಗೊತ್ತಿಲ್ಲ. ಈ ಪುಸ್ತಕ ಮುಚ್ಚೋಕೂ ಆಗಲ್ಲ.

ನಿನ್ನ ಅಭಿಪ್ರಾಯ ಏನು? ಕಟ್ಟಿ ಬರೆಯಬೇಡ. ನಿಜ ಬರೆ.

ಪಿಟೀಲು


ಆಗಸ್ಟ್ 9

ಪಿಟೀಲೇ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಅಭಿಪ್ರಾಯ ಇಲ್ಲ.

ಐದು ದಿನ ಹುಡುಕಿದೆ. ಗಾದೆ ಹುಡುಕಿದೆ, ಬೈಗುಳ ಹುಡುಕಿದೆ, ನಮ್ಮಮ್ಮ ಏನಾದರೂ ಹೇಳಿದ್ದಳೇ ಎಂದು ನೆನಪು ಮಾಡಿಕೊಂಡೆ. ಮೊದಲಾಗಿದ್ದರೆ ನಿಂತ ನಿಲುವಿನಲ್ಲೇ ಎಂಥದ್ದೋ ಒಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಧೈರ್ಯವಿಲ್ಲ.

ನಿನ್ನೆ ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು ನನ್ನ ಎಡಗಾಲನ್ನು ಮೇಲೆಳೆದುಕೊಂಡು ಕೆರೆದೆ. ಪಾದದ ಮೇಲೆ ಕೆರೆದೆ, ಕೆಳಗೆ ಕೆರೆದೆ. ನಿಮ್ಮತ್ತೆ ಊಟಕ್ಕೆ ಮೇಲೆ ಬಂದವಳು ನೋಡಿದಳು.

‘ಏನಮ್ಮಾ, ಹುಳ ಕಚ್ಚಿತಾ?’

‘ಇಲ್ಲ. ತುರಿಕೆ.’

‘ಎಲ್ಲಿ?’

‘ಗೊತ್ತಿಲ್ಲ ಕಣೇ. ಅವಳು ಬರೆದಿಲ್ಲ.’

ಅವಳು ತಟ್ಟೆ ಕೆಳಗಿಟ್ಟು ನನ್ನ ಪಕ್ಕದಲ್ಲಿ ಕೂತಳು. ಇಬ್ಬರೂ ಆ ಪಾದವನ್ನೇ ನೋಡುತ್ತಾ ಕೂತೆವು. ಕೆಳಗೆ ಮಾಲೀಕ ಗಂಟೆ ಒತ್ತುತ್ತಿದ್ದ, ಅವಳು ಏಳಲಿಲ್ಲ.

ಎಲ್ಲಿ ಎಂದು ಬರೆ. ಹೆಬ್ಬೆರಳೋ, ಕಿರುಬೆರಳೋ, ಬೆರಳಸಂದಿಯೋ, ಅಂಗಾಲೋ. ಯಾವ ಹೊತ್ತಿಗೆ ಬರುತ್ತದೆ ಎಂದೂ ಬರೆ. ಗೊತ್ತಾದರೆ ನಾನು ಮಾಡುವುದೇನೂ ಇಲ್ಲ. ಆದರೂ ಬರೆ.

ಅಜ್ಜಿ